ನೆಲಮಾಳಿಗೆಯ ಔಟ್‌ಫೀಲ್ಡರ್

ಮನೆಯ ನೆಲಮಾಳಿಗೆಯನ್ನು ಬೇಸ್‌ಬಾಲ್ ಆಟಗಾರನೊಬ್ಬನಿಗೆ ಬಾಡಿಗೆಗೆ ಕೊಟ್ಟ ಮೇಲೆ ವಿವರಣೆಯಿಲ್ಲದ ಸಂಗತಿಗಳು ನಡೆಯುತ್ತಲೇ ಇರುತ್ತವೆ. ವಿವರಣೆ ದೊರೆತರೂ ನೆಮ್ಮದಿ ದೊರೆಯುವುದಿಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲಿಯೇ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಡುಲುತ್‌ನಲ್ಲಿ ಮಗಳ ಜೊತೆ ಇದ್ದೇನೆ. ಎರಡು ಸಾವಿರದ ಇಪ್ಪತ್ತರ ಬೇಸಿಗೆಯಲ್ಲಿ ನಮ್ಮ ನೆಲಮಾಳಿಗೆಗೆ ಬಂದವನು ದಕ್ಷಿಣ ಕೆರೊಲಿನಾದವನು. ವೃತ್ತಿಯಲ್ಲಿ ಔಟ್‌ಫೀಲ್ಡರ್, ಅಂದರೆ ಕ್ರಿಕೆಟ್ಟಿನಲ್ಲಿ ಬೌಂಡರಿ ಕಾಯುವವರಂತೆ ದೂರದ ಹುಲ್ಲಿನಲ್ಲಿ ನಿಂತು, ಎತ್ತರಕ್ಕೆ ಹಾರಿದ ಚೆಂಡನ್ನು ಹಿಡಿಯುವವನು. ಹತ್ತು ವರ್ಷಗಳಿಂದ ಕಿರಿಯ ತಂಡಗಳಲ್ಲಿಯೇ ಆಡುತ್ತಿದ್ದ. ದೊಡ್ಡ ಲೀಗಿನ ಮೈದಾನದಲ್ಲಿ ಒಂದೇ ಒಂದು ದಿನ ನಿಲ್ಲಬೇಕೆಂಬುದು ಆತನ ಆಸೆ. ವಯಸ್ಸು ಮೂವತ್ತೊಂದು. ಆ ವೃತ್ತಿಯಲ್ಲಿ ಅದು ಮುಪ್ಪು.

೧. ಹಕ್ಕುದಾರ

ಆತ ಬಂದ ಮೂರನೆಯ ದಿನ, ಬೆಳಗಿನ ಹತ್ತು ಗಂಟೆ. ಮಗಳು ಔಷಧಿ ತರಲು ಹೋಗಿದ್ದಳು. ನನ್ನ ಕಾಲಡಿಯ ನೆಲದ ಕೆಳಗಿನಿಂದ ದಡದಡನೆ ಸದ್ದು ಬಂದು, ತಟಕ್ಕನೆ ನಿಂತಿತು. ಬಳಿಕ ಒಂದು ದನಿ, ಹಲ್ಲು ಕಚ್ಚಿಕೊಂಡು ಹೇಳಿದಂತೆ: ನನ್ನದು, ನನ್ನದು, ನನ್ನದು.

ಮನೆ ಮಗಳ ಹೆಸರಿನಲ್ಲಿದೆ. ಬೇರೊಬ್ಬ ಹಕ್ಕುದಾರನಿರುವ ಸಂಗತಿ ನನಗೆ ತಿಳಿದಿರಲಿಲ್ಲ.

ಮೆಟ್ಟಿಲಿಳಿದು ಬಾಗಿಲು ತಳ್ಳಿದೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದ. ಆತ ಅಂಗಾತ ಮಲಗಿದ್ದ. ಕಣ್ಣು ಅರೆ ತೆರೆದಿತ್ತು. ಎಡಗೈ ನೆಟ್ಟಗೆ ಸೂರಿನ ಕಡೆಗೆ ಚಾಚಿ, ಅಂಗೈ ಬಿಡಿಸಿಕೊಂಡು ಏನನ್ನೋ ಕಾಯುತ್ತಿತ್ತು. ಕಾಲುಗಳು ಮತ್ತೆ ಗೋಡೆಯ ಮೇಲೆ ಓಡತೊಡಗಿದವು. ಇಬ್ಬರು ಆಟಗಾರರ ನಡುವೆ ಚೆಂಡು ಬೀಳುವಂತಿದ್ದರೆ, ಡಿಕ್ಕಿ ಹೊಡೆಯದಿರಲೆಂದು ಒಬ್ಬ ಹೀಗೆ ಕೂಗಿ ಹೇಳಬೇಕಾದುದು ಆಟದ ಕ್ರಮವೆಂದು ಆಮೇಲೆ ತಿಳಿಯಿತು. ಆಗ ತಿಳಿದಿರಲಿಲ್ಲ. ಆದ್ದರಿಂದ ತರಗತಿಯಲ್ಲಿ ಕೇಳುವಂತೆ ಕೇಳಿದೆ, “ಯಾರದು?”

ಚಾಚಿದ ಕೈ ಕೆಳಗೆ ಬಿತ್ತು. ಎಚ್ಚರವಾಗದೆಯೇ ಆತ ಉತ್ತರಿಸಿದ, “ನಿಮ್ಮದು, ಮ್ಯಾಮ್.”

೨. ರಟ್ಟಿನ ಜನ

ಆ ವರ್ಷ ಕೊರೊನಾದಿಂದಾಗಿ ಕಿರಿಯ ಲೀಗಿನ ಪಂದ್ಯಗಳೇ ರದ್ದಾಗಿ, ತಂಡದವರು ತಮ್ಮೊಳಗೇ ಅಭ್ಯಾಸದ ಪಂದ್ಯಗಳನ್ನು ಆಡುತ್ತಿದ್ದರು; ಮೈದಾನಕ್ಕೆ ಪ್ರೇಕ್ಷಕರನ್ನು ಬಿಡುತ್ತಿರಲಿಲ್ಲ. ಭಾವಚಿತ್ರಗಳನ್ನು ಆಳೆತ್ತರದ ರಟ್ಟಿಗೆ ಅಂಟಿಸಿ ಆಸನಗಳಲ್ಲಿ ಕೂರಿಸಿದ್ದರು. ಧ್ವನಿವರ್ಧಕದಿಂದ ಇಲ್ಲದ ಜನರ ಗದ್ದಲ ಬರುತ್ತಿತ್ತು; ಚೆಂಡು ಕೈತಪ್ಪಿದರೂ ಚಪ್ಪಾಳೆ. ಮಗಳು ನನ್ನನ್ನು ಕೇಳದೆ ನನ್ನ ಪಾಸ್‌ಪೋರ್ಟಿನ ಚಿತ್ರವನ್ನು ಅಲ್ಲಿಗೆ ಕಳಿಸಿಕೊಟ್ಟಳು.

ಒಂದು ಸಂಜೆ ಆತ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದ: ಮ್ಯಾಮ್, ನೀವು ಹತ್ತಿರ ಬರುತ್ತಿದ್ದೀರಿ. ಸೋಮವಾರ ನಾನು ಕೊನೆಯ ಸಾಲಿನಲ್ಲಿದ್ದೆನಂತೆ. ಬುಧವಾರ ನಡುವಿನ ಸಾಲು. ಈ ದಿನ ಬೇಲಿಯ ಮಗ್ಗುಲಲ್ಲಿ, ಸರಿಯಾಗಿ ಆತನ ಬೆನ್ನ ಹಿಂದೆ. ಉಳಿದ ಯಾರೂ ಕದಲಿರಲಿಲ್ಲ. ಎರಡು ಸುಲಭದ ಕ್ಯಾಚ್ ಬಿಟ್ಟೆನೆಂದೂ, ಕುತ್ತಿಗೆ ತಣ್ಣಗಾಗುತ್ತಿತ್ತೆಂದೂ ಹೇಳಿದ. ಅಂಜುವ ಬದಲು ವಿಚಾರಿಸಿಕೊಂಡು ಬಾ ಎಂದು ಕಳಿಸಿದೆ.

ಮೈದಾನ ನೋಡಿಕೊಳ್ಳುವ ಮುದುಕ ಒಪ್ಪಿಕೊಂಡ. ಜನರಿಲ್ಲದ ಆಸನಗಳಿಗೆ ಬಾತುಗಳು ಬಂದು ಗಲೀಜು ಮಾಡುತ್ತಿದ್ದವು. ಬೇರೆಯವರ ತಲೆಯ ಮೇಲೆಯೇ ಹತ್ತಿ ಕೂರುತ್ತಿದ್ದ ಅವು ಒಂದು ಮುಖದ ಬಳಿ ಮಾತ್ರ ಸುಳಿಯುತ್ತಿರಲಿಲ್ಲ. ಹಾಗಾಗಿ ಅವು ಇಳಿದ ಕಡೆಗೆಲ್ಲ ಆ ಮುಖವನ್ನು ಎತ್ತಿಕೊಂಡು ಹೋಗುತ್ತಿದ್ದ.

ಆಟದ ಋತು ಮುಗಿದಾಗ ಎಲ್ಲರ ರಟ್ಟನ್ನೂ ಅವರವರ ಮನೆಗೆ ಕಳಿಸಿದರು. ನನ್ನದನ್ನು ಮುದುಕ ತನ್ನ ಜೋಳದ ಹೊಲಕ್ಕೆ ಕೇಳಿ ಪಡೆದ.

೩. ಮಂಜಿನಲ್ಲಿ ಒಂದು ಹೊಡೆತ

ಮರುವರ್ಷ ಮಗಳಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕಚೇರಿಯ ಕೆಲಸವಿತ್ತು. ಆತನ ತಂಡವೂ ಆ ವಾರ ಅಲ್ಲೇ, ಉತ್ತರ ಕೆರೊಲಿನಾದಲ್ಲಿ ಆಡುತ್ತಿದ್ದುದರಿಂದ ನಾನೂ ಹೋದೆ. ಮಳೆ ನಿಂತ ಸಂಜೆ, ಮಂಜು ಇಳಿಯಿತು. ದೂರದ ಹುಲ್ಲಿನಲ್ಲಿದ್ದ ಮೂವರು ಆಟಗಾರರು ಮೊಣಕಾಲಿನಿಂದ ಮೇಲಕ್ಕೆ ಅಳಿಸಿಹೋದರು.

ಬ್ಯಾಟಿನ ಸದ್ದಾಯಿತು. ಚೆಂಡು ಬಿಳುಪಿನೊಳಕ್ಕೆ ಹೋಯಿತು. ಎಲ್ಲರೂ ತಲೆಯೆತ್ತಿ ಕಾದರು. ಬಹಳ ಹೊತ್ತಿನ ಮೇಲೆ ನಮ್ಮವನು ಮಂಜಿನಿಂದ ನಡೆದು ಬಂದ, ಕೈಯಲ್ಲಿ ಚೆಂಡಿತ್ತು. ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಪಕ್ಕದ ಆಟಗಾರನೂ ನಡೆದು ಬಂದ. ಅವನ ಕೈಯಲ್ಲಿಯೂ ಚೆಂಡಿತ್ತು.

ಅಂಪೈರ್ ಇಬ್ಬರನ್ನೂ ಪ್ರಶ್ನಿಸಿದರು. ಮೇಲಿನಿಂದ ಬಂದು ಕೈಗವಸಿನೊಳಗೆ ಬಿದ್ದುದು ತನಗೆ ಸ್ಪಷ್ಟವಾಗಿ ತಿಳಿಯಿತೆಂದು ಇಬ್ಬರೂ ದೇವರ ಮೇಲೆ ಆಣೆ ಮಾಡಿದರು. ಅಂಪೈರ್ ಎರಡು ಚೆಂಡನ್ನೂ ಜೇಬಿಗೆ ಹಾಕಿಕೊಂಡು, ಈ ದಿನಕ್ಕೆ ಆಟ ಸಾಕೆಂದು ಹೊರಟುಹೋದರು.

ಹೊಡೆದ ಚೆಂಡು ಮರುದಿನ ಬೆಳಗ್ಗೆ ಹುಲ್ಲಿನಲ್ಲಿ ಸಿಕ್ಕಿತಂತೆ.

೪. ಊಟದ ಹೊತ್ತು

ಆ ವೃತ್ತಿಯಲ್ಲಿ ಬಡ್ತಿಗೂ ವಜಾಕ್ಕೂ ಮ್ಯಾನೇಜರ್ ಹೇಳುವುದು ಒಂದೇ ವಾಕ್ಯ: ನನ್ನ ಕೋಣೆಗೆ ಬಾ. ಒಳಗೆ ಹೋದವನು ದೊಡ್ಡ ಲೀಗಿಗೆ ಹೋದನೋ ಮನೆಗೆ ಹೋದನೋ ಉಳಿದವರು ಕೇಳುವಂತಿಲ್ಲ. ಮರುದಿನ ಆತನ ಬಟ್ಟೆಯ ಗೂಡಿನ ಮೇಲೆ ಹೆಸರಿರುವುದಿಲ್ಲ. ಮೂರನೆಯ ಬೇಸಿಗೆಯಲ್ಲಿ ನಮ್ಮವನ ಎಡಬಲದ ನಾಲ್ಕು ಹೆಸರುಗಳು ಹೀಗೆ ಇಲ್ಲವಾಗಿದ್ದವು.

ಆತ ಮಧ್ಯಾಹ್ನ ನಮ್ಮ ಜೊತೆ ಮೊಸರನ್ನ ಉಣ್ಣುತ್ತಿದ್ದಾಗ ಫೋನು ಬಂತು. ಪರದೆಯ ಮೇಲಿನ ಹೆಸರು ನೋಡಿ ಅದನ್ನು ಮೇಜಿನ ಮೇಲಿಟ್ಟು, ಕಾರುಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೀಗೆ ಫೋನನ್ನು ಬಡಿದುಕೊಳ್ಳಲು ಬಿಡುವುದು ಶಿಷ್ಟಾಚಾರವಲ್ಲ. ನಾನು ಎತ್ತಿಕೊಂಡು, ಮೊದಲು ತಾವು ಯಾರೆಂದು ತಿಳಿಸಿ ಎಂದೆ. ಮ್ಯಾನೇಜರ್ ತಿಳಿಸಿದರು. ಆತನನ್ನು ತಮ್ಮ ಕೋಣೆಗೆ ಕಳಿಸಬೇಕೆಂದರು.

“ಊಟ ಮುಗಿದಿಲ್ಲ,” ಎಂದೆ. “ಒಳ್ಳೆಯ ಸುದ್ದಿಯಾದರೆ ಈಗಲೇ ಹೇಳಿ. ಕೆಟ್ಟದಾದರೆ ಊಟ ಮುಗಿಯುವವರೆಗೆ ಕಾಯಬೇಕು.”

ಅವರು ಹೇಳಿದರು, “ಊಟ ಮುಗಿಯಲಿ, ಮ್ಯಾಮ್.”

ನಾನು ಆತನನ್ನು ಕರೆದು ಕೂರಿಸಿ ಮತ್ತೆ ಬಡಿಸಿದೆ. ಮೂರು ಸಲ ಬಡಿಸಿದೆ. ಆತ ಅಳುತ್ತಲೇ ಎಲ್ಲವನ್ನೂ ಉಂಡು, ಹೋದ. ವಾಷಿಂಗ್ಟನ್ನಿನಲ್ಲಿ ಮರುದಿನ ಆಡಲಿದ್ದ ದೊಡ್ಡ ತಂಡದಲ್ಲಿ ಒಬ್ಬನ ಕಾಲು ಉಳುಕಿತ್ತು. ಅವನ ಜಾಗಕ್ಕೆ ಕರೆದಿದ್ದರು. ವಿಮಾನದಲ್ಲಿ ಏನೂ ಕೊಡುವುದಿಲ್ಲ, ಹೊಟ್ಟೆ ತುಂಬಿಸಿಕೊಂಡು ಹೋಗಲೆಂದು ಮ್ಯಾನೇಜರ್ ಹಾಗೆಂದಿದ್ದರು.

ಟಿವಿಯಲ್ಲಿ ನೋಡಿದೆವು. ಕೊನೆಯ ಇನ್ನಿಂಗ್ಸಿನಲ್ಲಿ ಆತನನ್ನು ಹುಲ್ಲಿಗೆ ಕಳಿಸಿದರು. ಒಂದು ಚೆಂಡೂ ಆತನ ಕಡೆ ಬರಲಿಲ್ಲ. ಆತ ಬಯಸಿದ್ದುದು ನಿಲ್ಲುವುದನ್ನು, ನಿಂತ. ವಾರದೊಳಗೆ ನೆಲಮಾಳಿಗೆಗೆ ಮರಳಿದ.

ಮ್ಯಾನೇಜರಿಗೆ ಮಾತ್ರ ನನ್ನ ಕ್ರಮ ಹಿಡಿಸಿತ್ತು. ಯಾರನ್ನಾದರೂ ತಂಡದಿಂದ ತೆಗೆದು ಮನೆಗೆ ಕಳಿಸುವುದಿದ್ದರೆ ಅವರು ಮೊದಲು ನನಗೆ ಫೋನು ಮಾಡತೊಡಗಿದರು: ನಾಳೆ ಒಬ್ಬ ಬರುತ್ತಾನೆ, ಮ್ಯಾಮ್; ಚೆನ್ನಾಗಿ ಬಡಿಸಿ. ಹೀಗೆ ಮೂವರು ಬಂದರು. ದೊಡ್ಡ ದೇಹದ, ನಗುಮುಖದ ಹುಡುಗರು. ಉಪ್ಪಿನಕಾಯಿಯನ್ನು ಹೊಗಳಿದರು. ನನಗೆ ತಿಳಿದಿತ್ತು, ಅವರಿಗೆ ತಿಳಿದಿರಲಿಲ್ಲ. ನಾಲ್ಕನೆಯವನು ಬರಲು ಒಪ್ಪಲಿಲ್ಲ. ನಾವು ದಿನಸಿ ತರುವ ಕೊರಿಯನ್ ಅಂಗಡಿಯಲ್ಲಿ ತಂಡದ ಎಸೆತಗಾರನೊಬ್ಬ ನನ್ನನ್ನು ಕಂಡು, ಸಾಮಾನು ತುಂಬಿದ ಗಾಡಿಯನ್ನು ಅಲ್ಲಿಯೇ ಬಿಟ್ಟು ಹೊರಟುಹೋದ.

“ಅಮ್ಮ, ನೀನು ಊಟಕ್ಕೆ ಕರೀತಿದ್ದೀಯೋ, ಎಲ್ಲರನ್ನೂ ಫೈರ್ ಮಾಡ್ತಿದ್ದೀಯೋ?” ಎಂದಳು ಮಗಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆತ ನನ್ನೆದುರು ಕುಳಿತು ಉಣ್ಣುತ್ತಿದ್ದ. ನನ್ನ ಫೋನು ಬಡಿಯಿತು.

“ಮ್ಯಾಮ್,” ಎಂದರು ಮ್ಯಾನೇಜರ್, “ಅವನ ಊಟ ಆಯಿತೇ?”

ಆ ದನಿ ಆತನಿಗೂ ಕೇಳಿಸಿತು. ಚಮಚ ನಿಂತಿತು. ತಟ್ಟೆಯಲ್ಲಿ ಉಳಿದಿದ್ದುದು ಎರಡು ತುತ್ತು. ಆತ ಮೆಲ್ಲಗೆ ಹೇಳಿದ, “ಇನ್ನೂ ಉಣ್ಣುತ್ತಿದ್ದಾನೆ ಎಂದು ಹೇಳಿ, ಮ್ಯಾಮ್.”

ನಾನು ಸುಳ್ಳು ಹೇಳುವುದಿಲ್ಲ. ಪಾತ್ರೆ ತಂದು, ತಟ್ಟೆ ತುಂಬ ಬಡಿಸಿದ ಮೇಲೆ, ಊಟ ನಡೆಯುತ್ತಿದೆ ಎಂದೆ. ಅವರು ಎರಡು ಗಂಟೆಗೆ ವಿಚಾರಿಸಿದರು, ನಡೆಯುತ್ತಿತ್ತು. ಮೂರಕ್ಕೆ ವಿಚಾರಿಸಿದರು, ಆಗಲೂ ನಡೆಯುತ್ತಿತ್ತು. ಆತ ಬೆಲ್ಟು ಸಡಿಲಿಸಿ, ಒಂದೊಂದು ಅಗುಳನ್ನೂ ಎಣಿಸುವಂತೆ ಉಣ್ಣುತ್ತಿದ್ದ. ಊಟ ಮುಗಿಯುವವರೆಗೆ ಆತ ಔಟ್‌ಫೀಲ್ಡರ್.

ಮೂರೂವರೆಗೆ ಪಾತ್ರೆ ಬರಿದಾಯಿತು. ನಾನು ಅಕ್ಕಿ ತೊಳೆದು ಮತ್ತೆ ಕುಕ್ಕರ್ ಇಟ್ಟೆ.