ತಂಗಳು ನೀರಿನ ಅಧ್ಯಕ್ಷ

ಅಧಿಕಾರ ಬಂದರೆ ಮನುಷ್ಯನ ತಲೆ ತಿರುಗುತ್ತದೆ ಎನ್ನುತ್ತಾರೆ. ನನಗೆ ಜೀವಮಾನದಲ್ಲಿ ಬಂದದ್ದು ಒಂದೇ ಅಧಿಕಾರ, ಅದೂ ನಿವೃತ್ತಿಯಾದ ಮೇಲೆ. ತಲೆ ತಿರುಗಿತ್ತೋ ಇಲ್ಲವೋ ನಾನು ಹೇಳಲಾರೆ; ನನ್ನ ಹೆಂಡತಿ ಪದ್ಮಾಳನ್ನು ಕೇಳಿದರೆ, ತಿರುಗಿದ್ದು ಮಾತ್ರವಲ್ಲ, ಇನ್ನೂ ನೆಟ್ಟಗಾಗಿಲ್ಲ ಎನ್ನುತ್ತಾಳೆ. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ತಲೆಗೂದಲು ಹಣ್ಣಾಗುವವರೆಗೆ ಭೂಗೋಳ ಪಾಠ ಮಾಡಿದವನು ನಾನು. ಅಲ್ಲಿ ನನ್ನ ಮಾತನ್ನು ಹುಡುಗರೂ ಕೇಳಲಿಲ್ಲ, ಹೆಡ್‌ಮಾಸ್ಟರೂ ಕೇಳಲಿಲ್ಲ. ಜವಾನನಂತೂ ನಾನು ಮುಖ್ಯವಾದ ವಿಷಯಕ್ಕೆ ಬರುವುದನ್ನೇ ಕಾದಿದ್ದು ಗಂಟೆ ಹೊಡೆಯುತ್ತಿದ್ದ. ಅಂಥವನ ಕೈಗೆ ಒಂದು ದಿನ ಇಡೀ ರೆಸಾರ್ಟಿನ ನೀರು ಬಂತು ಎಂದರೆ ಏನಾಗಬಹುದು, ನೀವೇ ಯೋಚನೆ ಮಾಡಿ.

ರೆಸಾರ್ಟ್ ಎಂದ ಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯೊಳಗೇ ಇದ್ದ ಕಾಲ. ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿ, ಯಾರೋ ಪುಣ್ಯಾತ್ಮರು ಸಾಲಾಗಿ ಕಾಟೇಜುಗಳನ್ನು ಕಟ್ಟಿಸಿ, ಈಜುಕೊಳವೊಂದನ್ನು ತೋಡಿಸಿ, ಬೆಂಗಳೂರಿನವರು ಶನಿವಾರ ಭಾನುವಾರ ಬಂದು ಬೀಳುತ್ತಾರೆ ಎಂದು ಕಾದು ಕುಳಿತರು. ಬೆಂಗಳೂರಿನವರು ನಂದಿಬೆಟ್ಟ ನೋಡಿಕೊಂಡು ಹಾಗೇ ವಾಪಸು ಹೋದರು. ಕಾದು ಕಾದು ಬೇಸರವಾಗಿ ಅವರು ಕಾಟೇಜುಗಳನ್ನು ಒಂದೊಂದಾಗಿ ನಮ್ಮಂಥವರಿಗೆ ಮಾರಿ ಕೈ ತೊಳೆದುಕೊಂಡರು. ಬೋರ್ಡು ಮಾತ್ರ ಹಾಗೇ ಉಳಿಯಿತು. ನಮ್ಮ ನೆಂಟರಿಷ್ಟರೆಲ್ಲ, ನಿಮಗೇನಪ್ಪ, ವರ್ಷವಿಡೀ ರೆಸಾರ್ಟಿನಲ್ಲಿದ್ದೀರಿ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಈಜುಕೊಳಕ್ಕೆ ನೀರು ಬಿಟ್ಟದ್ದನ್ನು ಕಂಡವರಿಲ್ಲ. ಅದರೊಳಗೆ ಹೆಂಗಸರು ಸಂಡಿಗೆ, ಮೆಣಸಿನಕಾಯಿ ಒಣಹಾಕುತ್ತಿದ್ದರು. ಸಂಜೆ ನೆರಳು ಬಿದ್ದ ಮೇಲೆ ನಮ್ಮ ಕಾಟೇಜಿನವರ ಸಂಘದ ಸಭೆಗಳೂ ಅಲ್ಲೇ. ಮೆಟ್ಟಿಲಿಳಿದು ಎಲ್ಲರೂ ಆಳ ಕಡಿಮೆ ಇರುವ ಕಡೆ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಅಧ್ಯಕ್ಷರ ಕುರ್ಚಿ ಆಳದ ಕಡೆಗೆ.

ಆ ಕುರ್ಚಿಯಲ್ಲಿ ಮೊದಲಿದ್ದವರು ಮಗಳ ಬಾಣಂತನ ಎಂದು ಮೈಸೂರಿಗೆ ಹೋದವರು ತಿರುಗಿ ಬರಲಿಲ್ಲ. ಬಾಣಂತನದಲ್ಲಿ ಆ ಮನುಷ್ಯನಿಗೇನು ಕೆಲಸ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನಮಗಿದ್ದದ್ದು ಒಂದೇ ಬೋರ್‌ವೆಲ್, ಒಂದೇ ಟ್ಯಾಂಕು ಎಂಬುದು ನೆನಪಾದ ಮೇಲೆ ನನಗೆ ಹೊಳೆಯಿತು. ನನ್ನ ಹೆಸರನ್ನು ಸೂಚಿಸಿದವರು ರೆಡ್ಡಮ್ಮನವರು. ಚಿಂತಾಮಣಿಯ ಕಡೆಯವರು, ತಂಗಿಯ ಜೊತೆ ಪಕ್ಕದ ಕಾಟೇಜಿನಲ್ಲಿದ್ದರು, ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವರು. ಮೇಷ್ಟ್ರು ಭೂಗೋಳ ಹೇಳಿಕೊಟ್ಟವರು, ನೀರು ಎಲ್ಲಿಂದ ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ ಎಂಬುದು ಅವರ ವಾದ. ಗೊತ್ತಿತ್ತು, ಇಲ್ಲ ಎನ್ನಲಾರೆ. ಸಮುದ್ರದ ನೀರು ಆವಿಯಾಗಿ ಮೋಡವಾಗಿ ಮಳೆಯಾಗುವ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಟ್ಯಾಂಕಿನಿಂದ ನಲ್ಲಿಯವರೆಗಿನ ದಾರಿ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಶಿಸ್ತು ತಂದದ್ದು. ಅದುವರೆಗೆ ನೀರು ಬಂದಾಗ ಬರುತ್ತಿತ್ತು. ದಿನ ಬಿಟ್ಟು ದಿನ, ಬೆಳಿಗ್ಗೆ ಮಾತ್ರ ಎಂದು ನಾನು ನಿಯಮ ಮಾಡಿದೆ. ವಾಲ್ವ್ ತಿರುಗಿಸುವ ಕಬ್ಬಿಣದ ಉದ್ದನೆಯ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬೆಳಿಗ್ಗೆ ಹೊರಟೆನೆಂದರೆ, ಸ್ವಾಮಿ, ಆ ಮರ್ಯಾದೆಯೇ ಮರ್ಯಾದೆ. ಹಲ್ಲುಜ್ಜುತ್ತಿದ್ದವರು ಬ್ರಷ್ ತೆಗೆದು ನಮಸ್ಕಾರ ಮಾಡುತ್ತಿದ್ದರು. ಹಬ್ಬವಿಲ್ಲದ ದಿನ ಒಬ್ಬಟ್ಟು ಬರುತ್ತಿತ್ತು. ರೆಡ್ಡಮ್ಮನವರು ಮಾವಿನಕಾಯಿ ಉಪ್ಪಿನಕಾಯಿಯ ಮೊದಲ ಜಾಡಿಯನ್ನು ದೇವರಿಗಿಂತ ಮುಂಚೆ ನನಗೆ ಕಳಿಸಿದರು. ಊಟ ಆಯ್ತಾ ಎಂದು ಕೇಳುವ ಜನ, ನೀರು ಬಂತಾ ಎಂದು ಕೇಳತೊಡಗಿದರು. ನಾನು ಉತ್ತರವನ್ನು ಸ್ವಲ್ಪ ತಡೆದೇ ಕೊಡುತ್ತಿದ್ದೆ.

ಆದರೆ ನಾನು ಶಿಸ್ತು ಬಿಗಿ ಮಾಡಿದಷ್ಟೂ ನೀರು ಕಡಿಮೆಯಾಗುತ್ತಾ ಬಂತು. ಇದು ಯಾವ ನ್ಯಾಯವೋ ನನಗೆ ತಿಳಿಯಲಿಲ್ಲ. ದಿನವಿಡೀ ಪಂಪು ಓಡಿಸಿ ತುಂಬಿಸಿಟ್ಟ ಟ್ಯಾಂಕು, ವಾಲ್ವ್ ಬಿಟ್ಟ ಬೆಳಿಗ್ಗೆ ತಿಂಡಿ ಹೊತ್ತಿಗೆ ಗೊರಗೊರ ಅನ್ನುತ್ತಿತ್ತು. ಪೈಪು ಸೋರುತ್ತಿದೆಯೇನೋ ಎಂದು ಅಲ್ಲಲ್ಲಿ ಅಗೆಸಿ ನೋಡಿದೆ. ಸೋರಿಕೆ ಸಿಗಲಿಲ್ಲ, ಗುಂಡಿಗಳು ಉಳಿದವು. ಬೋರ್‌ವೆಲ್ಲೇ ಬತ್ತುತ್ತಿದೆ, ಇನ್ನೊಂದು ಕೊರೆಸಿ ಎಂದರು ಕೆಲವರು. ಸರಿ, ನೀರು ನೋಡುವವರೊಬ್ಬರನ್ನು ಮೇಲೂರಿನ ಕಡೆಯಿಂದ ಕರೆಸಿದೆವು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾ ಹೋದರು. ಕೆಳಗೆ ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲಬೇಕು. ಬಯಲೆಲ್ಲ ಸುತ್ತಿದರೂ ಮಲಗಿಯೇ ಇದ್ದ ಕಾಯಿ, ಅವರು ಕಾಫಿ ಕುಡಿಯಲು ನಮ್ಮ ಮನೆಯೊಳಗೆ ಬಂದಾಗ, ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಎದುರು ಎದ್ದು ನಿಂತಿತು. ಪದ್ಮಾ ಕಾಯಿಯನ್ನು ಅವರ ಕೈಯಿಂದ ತೆಗೆದುಕೊಂಡು ಒಡೆದು ಚಟ್ನಿ ಅರೆದಳು. ಕೊರೆಯುವ ಮಾತು ಅಲ್ಲಿಗೆ ನಿಂತಿತು.

ಇಂಥ ಹೊತ್ತಿನಲ್ಲಿ ಅಕ್ರಂ ಸಾಹೇಬರು ಮನೆಗೆ ಬಂದರು. ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರ ಮಾಡುವವರು. ಕೊನೆಯ ಕಾಟೇಜು ಅವರದು. ಅವರ ತಾಯಿ ಗಾಳಿ ಚೆನ್ನಾಗಿದೆ ಎಂದು ಇಲ್ಲೇ ಇದ್ದುಬಿಟ್ಟಿದ್ದರು. ಮಗಳು ನಸ್ರೀನ್ ರಜ ಬಂದರೆ ಅಜ್ಜಿಯ ಹತ್ತಿರ ಬರುವವಳು, ಬಂದಾಗ ಅಜ್ಜಿಯ ಮನೆಯಲ್ಲಿ ಇದ್ದದ್ದಕ್ಕಿಂತ ಪದ್ಮಾಳ ಚಿತ್ರಾನ್ನದ ಮುಂದೆ ಇದ್ದದ್ದೇ ಹೆಚ್ಚು. ಆ ಹುಡುಗಿಯ ಮದುವೆ ಗೊತ್ತಾಗಿತ್ತು.

"ಮೇಷ್ಟ್ರೇ, ಗಂಡಿನ ಕಡೆಯೋರನ್ನ ಇಲ್ಲೇ ಖಾಲಿ ಕಾಟೇಜುಗಳಲ್ಲಿ ಇಳಿಸಣ ಅಂತಿದ್ದೀನಿ," ಎಂದರು ಸಾಹೇಬರು. "ಬಿರಿಯಾನಿಗೆ ಉಪ್ಪು ಕಮ್ಮಿ ಆದ್ರೆ ಬೀಗರು ನಕ್ಕು ಸುಮ್ನಾಗ್ತಾರೆ. ನೀರು ಕಮ್ಮಿ ಆದ್ರೆ ನನ್ನ ಮಗಳು ಸಾಯೋವರ್ಗೂ ಕೇಳ್ಬೇಕು. ನೀವು ಆಗುತ್ತೆ ಅಂದ್ರೆ ಇಳಿಸ್ತೀನಿ. ಆಗಲ್ಲ ಅಂದ್ರೂ ಬೇಜಾರಿಲ್ಲ, ಈಗ್ಲೇ ಹೇಳ್ಬಿಡಿ."

ಆಗ ನಾನು ನಿಜ ಹೇಳಬಹುದಿತ್ತು. ಆದರೆ ಕೀಲಿ ಪಕ್ಕದ ಗೋಡೆಗೇ ಒರಗಿತ್ತು, ಪದ್ಮಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನೀರಿನ ಯೋಚನೆ ನನಗೆ ಬಿಡಿ ಸಾಹೇಬರೇ, ನಸ್ರೀನ್ ನಮ್ಮ ಮಗಳಲ್ಲವೇ ಎಂದುಬಿಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಹೋದ ಮೇಲೆ ಪದ್ಮಾ, ಎಲ್ಲಿಂದ ತರ್ತೀರಿ ನೀರು, ಸಮುದ್ರದಿಂದಲಾ ಎಂದು ಕೇಳಿದಳು. ನನಗೆ ಅಂದಿನಿಂದ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಮದುಮಗನ ಕಡೆಯ ಹಿರಿಯರೊಬ್ಬರು ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿಯ ಮುಂದೆ ನಿಂತಿರುವುದು ಕಾಣುತ್ತಿತ್ತು.

ಮದುವೆ ಹತ್ತಿರ ಬರುತ್ತಿದ್ದಂತೆ ನಾನು ಇನ್ನೂ ಬಿಗಿ ಮಾಡಿದೆ. ಒಂದು ಬೆಳಿಗ್ಗೆ ವಾಲ್ವ್ ಬಿಟ್ಟು, ಯಾವತ್ತಿನಂತೆ ಮುಂದಿನ ಬೀದಿಯಲ್ಲಿ ನಮಸ್ಕಾರ ತೆಗೆದುಕೊಳ್ಳಲು ಹೋಗದೆ, ಮನಸ್ಸು ಸರಿಯಿಲ್ಲದೆ ಹಿತ್ತಿಲಿನಿಂದ ಮನೆಗೆ ಬಂದೆ. ನೋಡಿದರೆ ನನ್ನ ಧರ್ಮಪತ್ನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಕ್ಕಾಲು ತುಂಬಿದ್ದ ನೀಲಿ ಡ್ರಮ್ಮನ್ನು ಓರೆ ಮಾಡಿ, ಆ ನೀರನ್ನೆಲ್ಲ ಧಾರಾಳವಾಗಿ ಮೋರಿಗೆ ಚೆಲ್ಲುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಡ್ರಮ್ಮು ಆಗಲೇ ಬರಿದಾಗಿ ಮಲಗಿತ್ತು.

"ಏನೇ ಇದು? ನೀರು ಚೆಲ್ತಾ ಇದ್ದೀಯಲ್ಲೇ!"

"ಹೊಸ ನೀರು ಬಂತಲ್ರೀ," ಎಂದಳು, ನಾನೇನೋ ಕೇಳಬಾರದ್ದನ್ನು ಕೇಳಿದವನಂತೆ ನೋಡಿ. "ಇದು ಮೊನ್ನೇದು. ತಂಗಳು ನೀರು."

ಬೇಲಿಯ ಆಚೆ ಇಣುಕಿದೆ. ರೆಡ್ಡಮ್ಮನವರೂ ಅವರ ತಂಗಿಯೂ ಒಂದು ಹಂಡೆಯನ್ನು ಎರಡು ಕಡೆ ಹಿಡಿದು ಬಗ್ಗಿಸುತ್ತಿದ್ದರು. ಅದರಾಚೆಯೂ ಅದೇ ಸದ್ದು. ಹಿತ್ತಿಲ ಮೋರಿಯುದ್ದಕ್ಕೂ ತಿಳಿನೀರು ತುಂಬಿ ಹರಿದು ಕೆಳಗಿನ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿತ್ತು. ನೀರಿಲ್ಲದ ದಿನ ಇದೇ ಜನ ಚೊಂಬಿನಲ್ಲಿ ಮುಖ ತೊಳೆದು, ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಜೀವ ಬಿಗಿಹಿಡಿದು ಉಳಿಸಿದ ನೀರು ಅದು. ಮಾರನೆಯ ದಿನ ವಾಲ್ವಿನ ಸದ್ದು ಕೇಳಿದ ಕೂಡಲೇ ಅದು ತಂಗಳಾಗಿ, ಎಲ್ಲ ಡ್ರಮ್ಮುಗಳೂ ಬರಿದಾಗಿ, ಮತ್ತೆ ಕಂಠಮಟ್ಟ ತುಂಬಬೇಕು. ನಾನು ಕಷ್ಟಪಟ್ಟು ತಂದ ಶಿಸ್ತೇ ಮೋರಿಯಲ್ಲಿ ಹರಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಕೋಪ ಬರಲಿಲ್ಲ. ಬೋರ್‌ವೆಲ್ ಬತ್ತಿಲ್ಲ, ನಸ್ರೀನಳ ಮದುವೆಗೆ ನೀರಿದೆ ಎನ್ನುವುದು ತಲೆಗೆ ಹೋದದ್ದೇ ತಡ, ನಾನು ಆ ಮೋರಿಯ ಕಟ್ಟೆಯ ಮೇಲೆಯೇ ಕುಳಿತು ನಗತೊಡಗಿದೆ. ಪದ್ಮಾ ಹೆದರಿ ಕಾಫಿ ತರಲು ಓಡಿದಳು.

ಅಂದೇ ಸಂಜೆ ಈಜುಕೊಳದಲ್ಲಿ ತುರ್ತು ಸಭೆ. ಭೂಗೋಳ ಮೇಷ್ಟ್ರಿಗೆ ಕಡೆಗೂ ಒಂದು ತರಗತಿ ಸಿಕ್ಕಿತ್ತು, ಗಂಟೆ ಹೊಡೆಯುವವರೂ ಇರಲಿಲ್ಲ. ಬೋರ್‌ವೆಲ್ಲಿನ ನೀರು ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಬಂಡೆಯ ಕೆಳಗೆ ಕೂತಿದೆ, ಅಲ್ಲಿ ತಂಗಳಾಗದ್ದು ನಿಮ್ಮ ಡ್ರಮ್ಮಿನಲ್ಲಿ ಎರಡು ರಾತ್ರಿಗೆ ಹೇಗೆ ತಂಗಳಾಗುತ್ತದೆ ಎಂದು ಕೇಳಿದೆ. ಉತ್ತರ ಇರಲಾರದು ಎಂದುಕೊಂಡಿದ್ದೆ.

ಮುಂದಿನ ಸಾಲಿನಿಂದ ಪದ್ಮಾ ಎದ್ದಳು. "ಭೂಮಿ ಒಳಗಿದ್ದಾಗ ಅದು ಗಂಗಮ್ಮ. ಡ್ರಮ್ಮಿಗೆ ಬಂದ್ಮೇಲೆ ನಮ್ಮ ಹಾಗೇನೇ, ಅದಕ್ಕೂ ವಯಸ್ಸಾಗುತ್ತೆ," ಎಂದಳು. "ದೇವರ ತಲೆ ಮೇಲೆ ಹಳೇ ನೀರು ಹಾಕಕ್ಕಾಗತ್ತೇನ್ರೀ?"

ಮೊನ್ನಟಿ ನೀಳ್ಳು ಯಾರು ಮುಟ್ಟುತ್ತಾರೆ ಎಂದು ರೆಡ್ಡಮ್ಮನವರು ತೆಲುಗಿನಿಂದಲೇ ಶುರು ಮಾಡಿದರು. ಅಕ್ರಂ ಸಾಹೇಬರ ತಾಯಿ, ಸಭೆಗಳಲ್ಲಿ ಎಂದೂ ಬಾಯಿ ಬಿಡದವರು, ಬೀಗರಿಗೆ ಬಾಸಿ ಪಾನಿ ಕೊಡುವುದೇ, ತೋಬಾ ತೋಬಾ ಎಂದು ಕೆನ್ನೆ ಮುಟ್ಟಿಕೊಂಡರು. ಮೂರು ಭಾಷೆಗಳೂ ಒಂದಾದವು. ಬೀದಿ ದೀಪದ ವಿಷಯಕ್ಕೂ ಒಮ್ಮತಕ್ಕೆ ಬಾರದ ನಮ್ಮ ಸಂಘ, ತಂಗಳು ನೀರು ತಂಗಳೇ ಎಂದು ಅವಿರೋಧವಾಗಿ ತೀರ್ಮಾನ ಮಾಡಿತು.

ಇಲ್ಲಿಂದ ಮುಂದೆ ಆದದ್ದನ್ನು ನಾನು ನನ್ನ ಜಾಣತನ ಎಂದು ಹಲವರಿಗೆ ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಅದು ಬರೀ ಸಿಟ್ಟು. ಹಾಗಾದರೆ ನಾಳೆಯಿಂದ ವಾಲ್ವನ್ನೇ ಮುಚ್ಚೋದಿಲ್ಲ, ಹಗಲೂ ರಾತ್ರಿ ಬರಲಿ, ಹೊಸದನ್ನೇ ಕುಡಿದು ಹೊಸದನ್ನೇ ಚೆಲ್ಲಿ, ನನ್ನ ಮರ್ಯಾದೆ ಹೋದರೆ ಹೋಗಲಿ ಎಂದು ಕೂಗಿ ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಈಜುಕೊಳದಿಂದ ಸಿಟ್ಟಾಗಿ ಎದ್ದು ಹೋಗುವುದು ಸುಲಭವಲ್ಲ. ಪಂಚೆ ಎತ್ತಿ ಹಿಡಿದುಕೊಳ್ಳಬೇಕಾಗುತ್ತದೆ.

ಮೊದಲ ದಿನ ಪ್ರಳಯ. ಇದು ಹೆಚ್ಚು ದಿನ ನಡೆಯುವ ಮಾತಲ್ಲ ಎಂದು ಎಲ್ಲರೂ ಡ್ರಮ್ಮು, ಹಂಡೆ, ಬಕೀಟು, ಕಡೆಗೆ ಒರಳುಕಲ್ಲಿನ ಗುಂಡಿಯನ್ನೂ ಬಿಡದೆ ತುಂಬಿಕೊಂಡರು. ಟ್ಯಾಂಕು ತಿಂಡಿಗೆ ಮುಂಚೆಯೇ ಗೊರಗೊರ ಅಂದಿತು. ಮಾರನೆಯ ದಿನ ಅದನ್ನೆಲ್ಲ ಚೆಲ್ಲಿ ಮತ್ತೆ ತುಂಬಿದರು, ಆದರೆ ಮೊದಲಿನ ಹುರುಪಿರಲಿಲ್ಲ. ಅದರ ಮಾರನೆಯ ದಿನವೂ ನಲ್ಲಿ ತಿರುಗಿಸಿದರೆ ನೀರು. ಮಧ್ಯಾಹ್ನ ತಿರುಗಿಸಿದರೂ ನೀರು. ನಮ್ಮ ಜನರಿಗೆ ಆಚಾರ ಎಷ್ಟಿದೆಯೋ ಸೋಮಾರಿತನವೂ ಅಷ್ಟೇ ಇದೆ, ದೇವರು ದೊಡ್ಡವನು. ನಾಳೆಯೂ ಬರುತ್ತಲ್ಲ, ಈಗ ಯಾರು ತುಂಬುತ್ತಾರೆ ಎಂದು ಒಂದೊಂದೇ ಮನೆಯವರು ಡ್ರಮ್ಮನ್ನು ಮಗುಚಿಟ್ಟರು. ತುಂಬಿಡದ ಮೇಲೆ ತಂಗಳೆಲ್ಲಿಂದ ಬರಬೇಕು? ಹಿತ್ತಿಲ ಮೋರಿ ಒಣಗಿತು. ಒಂದು ಬೆಳಿಗ್ಗೆ ಟ್ಯಾಂಕಿನ ಮೇಲಿಂದ ಏನೋ ಸುರಿಯುವ ಸದ್ದು ಕೇಳಿ, ಅಯ್ಯೋ ಒಡೆದೇಹೋಯಿತು ಎಂದು ಓಡಿದೆ. ಒಡೆದಿರಲಿಲ್ಲ. ತುಂಬಿ ಹೊರಚೆಲ್ಲುತ್ತಿತ್ತು. ಆ ನೀರಿನ ಕೆಳಗೆ ಕೈಯೊಡ್ಡಿ ನಿಂತೆ, ಕಣ್ಣು ಒದ್ದೆಯಾಯಿತು.

ನಸ್ರೀನಳ ಮದುವೆ ಸೊಗಸಾಗಿ ಆಯಿತು. ಗಂಡಿನ ಕಡೆಯವರು ಮನಸೋ ಇಚ್ಛೆ ಸ್ನಾನ ಮಾಡಿದರು, ನಮಾಜಿಗೆ ಮುಂಚೆ ನಿಧಾನವಾಗಿ ಕೈಕಾಲು ತೊಳೆದರು, ಬಿರಿಯಾನಿಯ ದೊಡ್ಡ ದೊಡ್ಡ ಹಂಡೆಗಳನ್ನು ತಿಕ್ಕಿ ಬೆಳಗಿದರು. ನಾನು ಒಂದು ನೂರು ಸಲ ಟ್ಯಾಂಕಿನ ಏಣಿ ಹತ್ತಿ ಇಳಿದಿರಬೇಕು. ಪ್ರತಿ ಸಲವೂ ನೀರಿತ್ತು. ಹೊರಡುವಾಗ ಆ ಹುಡುಗಿ ಪದ್ಮಾಳನ್ನು ತಬ್ಬಿಕೊಂಡು ಅತ್ತಳು, ನನ್ನ ಕಡೆ ತಿರುಗಿ ಅಳುತ್ತಲೇ ನಕ್ಕಳು. ಅಕ್ರಂ ಸಾಹೇಬರು, ಬೀಗರು ಊಟದ ಮಾತಾಡಿದರು, ಒಡವೆಯ ಮಾತಾಡಿದರು, ನೀರಿನ ಮಾತೇ ಎತ್ತಲಿಲ್ಲ ಮೇಷ್ಟ್ರೇ ಎಂದರು. ನನ್ನ ಜನ್ಮದಲ್ಲಿ ಅಂಥ ಪ್ರಶಸ್ತಿ ನನಗೆ ಸಿಕ್ಕಿರಲಿಲ್ಲ. ಅವತ್ತು ರಾತ್ರಿ ನಾನು ಗೊರಕೆ ಹೊಡೆದದ್ದು ಕೊನೆಯ ಕಾಟೇಜಿಗೂ ಕೇಳಿತಂತೆ.

ಆಮೇಲಿನದು ಹೇಳಬಾರದು, ಆದರೂ ಹೇಳುತ್ತೇನೆ. ನೀರಿನ ಮಾತನ್ನು ಬೀಗರು ಮಾತ್ರವಲ್ಲ, ನಮ್ಮವರೂ ಎತ್ತುವುದನ್ನು ಬಿಟ್ಟರು. ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಹಲ್ಲುಜ್ಜುವವರು ಹಲ್ಲುಜ್ಜುತ್ತಲೇ ಇರುತ್ತಾರೆ. ಒಬ್ಬಟ್ಟು ಹಬ್ಬಕ್ಕಷ್ಟೇ ಬರುತ್ತದೆ. ಇದೇ ನಾನು ಬೇಡಿದ್ದು, ಇದೇ ಆದದ್ದು, ನೆಮ್ಮದಿಯಾಗಿರಬೇಕು, ಇದ್ದೇನೆ ಕೂಡ. ಆದರೂ ಮೊನ್ನೆ ಒಂದು ಬೆಳಿಗ್ಗೆ, ಸುಮ್ಮನೆ, ಒಂದರ್ಧ ಗಂಟೆ ವಾಲ್ವ್ ಮುಚ್ಚಿದರೆ ಹೇಗಿರುತ್ತದೆ ಎನ್ನಿಸಿತು. ಯಾರಿಗೂ ತೊಂದರೆ ಕೊಡುವುದಕ್ಕಲ್ಲ. ಒಬ್ಬರಾದರೂ ಹೊರಗೆ ಬಂದು, ಮೇಷ್ಟ್ರೇ ನೀರು ಬಂತಾ ಎಂದು ಕೇಳಲಿ ಎಂದು. ಕೀಲಿ ತೆಗೆದುಕೊಂಡು ಹೋಗಿ, ವಾಲ್ವಿಗೆ ಸಿಕ್ಕಿಸಿ, ಆ ಕಡೆ ಈ ಕಡೆ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಪದ್ಮಾಳ ಧ್ವನಿ ಕೇಳಿತು. ಅಲ್ಲಿ ಏನು ಮಾಡುತ್ತಿದ್ದೀರಿ ಎಂದಳು. ಸೋರುತ್ತಿದೆಯೇನೋ ನೋಡುತ್ತಿದ್ದೆ ಎಂದೆ.

"ಅದೇನೂ ಸೋರ್ತಿಲ್ಲ, ಬನ್ನಿ ಒಳಕ್ಕೆ," ಎಂದಳು ಅವಳು. "ಇಡೀ ರೆಸಾರ್ಟಲ್ಲಿ ಇನ್ನೂ ಸ್ನಾನ ಆಗದೆ ಇರೋರು ನೀವೊಬ್ರೇ."