ಬೆರಳಚ್ಚು ಕೋಣೆಯ ಏಕೈಕ ಕಿಟಕಿಯ ಮಧ್ಯಸ್ಥಿಕೆ ಕುರಿತು

ಮಧ್ಯಸ್ಥಿಕೆ ವಿಭಾಗ
ಸಂಖ್ಯೆ: ಮವಿ/ಕಿಟಕಿ/ತಿದ್ದುಪಡಿಯ ತಿದ್ದುಪಡಿ/4

ವಿಷಯ: ಸದರಿ ಕಿಟಕಿಯನ್ನು ತೆರೆಯುವ ಅಥವಾ ಮುಚ್ಚುವ ಬಗ್ಗೆ ಪರಿಷ್ಕೃತ ನಿಯಮಗಳು.

ಉಲ್ಲೇಖ: (ಅ) ಈ ವಿಭಾಗದ ಐತೀರ್ಪುಗಳು, ಅಂದರೆ ಮಧ್ಯಸ್ಥಗಾರರು ನೀಡಿದ ತೀರ್ಮಾನಗಳು (ಎಲ್ಲವೂ ರದ್ದಾಗಿವೆ).
(ಆ) ಅವುಗಳನ್ನು ರದ್ದುಪಡಿಸಿದ ನ್ಯಾಯಾಲಯದ ತೀರ್ಪುಗಳು (ಎಲ್ಲವೂ ಜಾರಿಯಲ್ಲಿವೆ).

ಕೋಣೆಯ ಒಳಮೂಲೆಯಲ್ಲಿ ಕೂರುವ ಬೆರಳಚ್ಚುಗಾರ್ತಿಗೆ ಉಬ್ಬಸವಿದ್ದು, ಕಿಟಕಿಯನ್ನು ಪೂರ್ತಿ ತೆರೆದರೆ ಮಾತ್ರ ಆಕೆಗೆ ಗಾಳಿ ತಲುಪುತ್ತದೆ. ಹಾಗೆ ತೆರೆದಲ್ಲಿ, ನಡುವೆ ಕೂರುವ ಕಡತ ಗುಮಾಸ್ತರ ಕಾಗದಗಳು ಹಾರುತ್ತವೆ. ಕಿಟಕಿಯ ಬುಡದಲ್ಲಿ ಕೂರುವವರು ಈ ಸುತ್ತೋಲೆಗೆ ಸಹಿ ಮಾಡುತ್ತಿರುವ ಮಧ್ಯಸ್ಥಗಾರರು. ಕೋರ್ಟಿನ ಮೆಟ್ಟಿಲು ಹತ್ತದೆ ಜಗಳ ತೀರಿಸುವುದೇ ಮಧ್ಯಸ್ಥಿಕೆಯ ಉದ್ದೇಶವಾಗಿದ್ದು, ಆ ಉದ್ದೇಶಕ್ಕಾಗಿ ಮೂರು ಬಾರಿ ಕೋರ್ಟಿನ ಮೆಟ್ಟಿಲು ಹತ್ತಲಾಗಿದೆ. ಅಲ್ಲಿ ಬೈಸಿಕೊಂಡದ್ದನ್ನೆಲ್ಲ ನಿಯಮವನ್ನಾಗಿ ಪರಿವರ್ತಿಸಿ ಈ ಮೂಲಕ ಸೂಚಿಸಲಾಗಿದೆ:

1. ಮೊದಲನೆಯ ಐತೀರ್ಪು ‘ಕಿಟಕಿ ಮುಚ್ಚತಕ್ಕದ್ದು’ ಎಂದಷ್ಟೇ ಇತ್ತು. ಕಾರಣವಿಲ್ಲದ ಐತೀರ್ಪು ನಿಲ್ಲದೆಂದು ನ್ಯಾಯಾಲಯ ಹೇಳಿದೆ. ಇನ್ನು ಮುಂದೆ ಕಾರಣ ನೀಡತಕ್ಕದ್ದು. ಕಾರಣ ಹೊಳೆಯದಿದ್ದಲ್ಲಿ ಊಟ ಮಾಡಿ ಬಂದು ಯೋಚಿಸತಕ್ಕದ್ದು.

2. ಎರಡನೆಯ ಐತೀರ್ಪಿನಲ್ಲಿ ಪುಟಗಟ್ಟಲೆ ಕಾರಣಗಳಿದ್ದವು. ಬೆರಳಚ್ಚುಗಾರ್ತಿಯನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ. ಅದನ್ನು ಟೈಪ್ ಮಾಡಿದವರು ಆಕೆಯೇ ಆದ್ದರಿಂದ ಆಕೆಗೆ ಎಲ್ಲವೂ ತಿಳಿದಿತ್ತೆಂಬ ವಿಭಾಗದ ವಾದವನ್ನು ನ್ಯಾಯಾಲಯ ತಳ್ಳಿಹಾಕಿದೆ. ಆದಕಾರಣ ಉಭಯ ಪಕ್ಷಗಳನ್ನೂ ಆಲಿಸಲಾಯಿತು.
ಬೆರಳಚ್ಚುಗಾರ್ತಿ: “ಉಸಿರು ಕಟ್ಟುತ್ತೆ ಸಾರ್. ಇದಕ್ಕಿಂತ ಇನ್ನೇನು ಹೇಳ್ಲಿ?”
ಕಡತ ಗುಮಾಸ್ತರು: “ತೆಗೀಲಿ ಬಿಡಿ ಸಾರ್. ಆದ್ರೆ ಹಾರಿದ ಕಾಗದ ಹಿಡಿಯೋಕೆ ಅಕ್ಕನೇ ಓಡ್ಬೇಕು. ಓಡಿದ್ರೆ ಮತ್ತೆ ಉಬ್ಬಸ!”
ಇದಕ್ಕೆ ಇಬ್ಬರೂ ನಕ್ಕಿರುವುದನ್ನು ರಾಜಿಯೆಂದು ಪರಿಗಣಿಸತಕ್ಕದ್ದಲ್ಲ.

3. ಮೂರನೆಯ ಐತೀರ್ಪಿನಂತೆ ಕಿಟಕಿಯನ್ನು ಅರ್ಧ ತೆರೆಯಲಾಯಿತು. ಕಾಗದಗಳು ಹಾರಿದವು, ಉಬ್ಬಸವೂ ಉಳಿಯಿತು. ‘ಮಧ್ಯಸ್ಥಗಾರರ ಬುದ್ಧಿವಂತಿಕೆಯನ್ನು ಅಳೆಯುವುದು ನ್ಯಾಯಾಲಯದ ಕೆಲಸವಲ್ಲ’ ಎಂಬ ತೀರ್ಪಿನ ಸಾಲಿಗೆ ವಿಭಾಗವು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿತ್ತು. ಮುಂದಿನ ಸಾಲನ್ನು ಓದಿದ ನಂತರ ಇಳಿಸಲಾಗಿದೆ. ಕಿಟಕಿಯ ಬುಡದಲ್ಲಿ ಗಾಳಿ ಕುಡಿಯುತ್ತ ಕೂತವರು ಅದೇ ಕಿಟಕಿಗೆ ಮಧ್ಯಸ್ಥಗಾರರಾಗುವಂತಿಲ್ಲ ಎಂಬುದು ಆ ಸಾಲು.

4. ಸದರಿ ತೀರ್ಪಿಗೆ ತಲೆಬಾಗಿ, ನಿಷ್ಪಕ್ಷಪಾತ ಸಾಧಿಸುವ ಸಲುವಾಗಿ, ಮಧ್ಯಸ್ಥಗಾರರ ಕುರ್ಚಿಯನ್ನು ಕಿಟಕಿಯೇ ಇಲ್ಲದ ಕಾರಿಡಾರಿಗೆ ಸಾಗಿಸಲಾಗಿದೆ. ಅಲ್ಲಿ ಬೆವರುವುದು ಪಕ್ಷಪಾತದ ಕುರುಹಾಗಬಹುದಾದ್ದರಿಂದ, ಬೆವರನ್ನು ಉಭಯ ಪಕ್ಷಗಳ ಸಮ್ಮುಖದಲ್ಲಿಯೇ ಒರೆಸಿಕೊಳ್ಳತಕ್ಕದ್ದು.

5. ತೆರವಾದ ಜಾಗಕ್ಕೆ ಬೆರಳಚ್ಚುಗಾರ್ತಿಯು ಯಾವುದೇ ಆದೇಶವಿಲ್ಲದೆ ತಮ್ಮ ಮೇಜನ್ನು ಎಳೆದುಕೊಂಡಿರುತ್ತಾರೆ. ಈಗ ಕಿಟಕಿಯನ್ನು ಅಂಗೈಯಗಲ ತೆರೆದರೂ ಆಕೆಗೆ ಉಸಿರಾಡಲು ಸಾಕಾಗುತ್ತಿದ್ದು, ಗುಮಾಸ್ತರ ಕಾಗದಗಳು ಅಲುಗುತ್ತಿಲ್ಲ. ಇದನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ವಿಚಾರಿಸಲಾಗಿ, ಗುಮಾಸ್ತರು “ನೀವು ಕೇಳಿದ್ದು ಕಿಟಕಿ ಬಗ್ಗೆ ಸಾರ್. ಕುರ್ಚಿ ಬಗ್ಗೆ ಯಾರು ಕೇಳಿದ್ರು?” ಎಂದು ಉತ್ತರಿಸಿರುತ್ತಾರೆ.

6. ಮಧ್ಯಸ್ಥಗಾರರು ಒಳಗೆ ಮರಳಬಹುದೇ ಎಂಬುದು ಹೊಸ ವಿವಾದವಾಗಿರುತ್ತದೆ. ಇದರಲ್ಲಿ ಅವರೇ ಕಕ್ಷಿದಾರರಾದ್ದರಿಂದ ತೀರ್ಮಾನಿಸುವಂತಿಲ್ಲ. ವಿಭಾಗದಲ್ಲಿ ಬೇರೆ ಮಧ್ಯಸ್ಥಗಾರರಿಲ್ಲ.

ಸಹಿ/-
ಮಧ್ಯಸ್ಥಗಾರರು
(ಕಾರಿಡಾರ್)

ಪ್ರತಿಗಳು:
1. ನ್ಯಾಯಾಲಯಕ್ಕೆ, ಇನ್ನೇನಾದರೂ ಹೇಳುವುದಿದ್ದಲ್ಲಿ.
2. ಬೆರಳಚ್ಚುಗಾರ್ತಿಗೆ, ಟೈಪ್ ಮಾಡುವಾಗಲೇ ಓದಿದ್ದರೂ, ನಿಯಮ 2ರನ್ವಯ.
3. ಕಡತ ಗುಮಾಸ್ತರಿಗೆ, ಹಾರದಂತೆ ಇಟ್ಟುಕೊಳ್ಳಲು.
4. ಮಧ್ಯಸ್ಥಗಾರರ ಮನೆಯವರಿಗೆ, ಇನ್ನೊಂದು ಟವೆಲ್ ಕಳುಹಿಸಲು ಕೋರಿ.