ಕರಿಕಲ್ಲಿನ ಹಿಂದೆ ಒಸಾಕಾಗೆ

ಕೆಲವರು ತಮ್ಮ ಪಾಡಿಗೆ ಹಾದಿಯಲ್ಲಿ ಹೋಗುತ್ತಿದ್ದರೂ ಪೇಚು ಎದುರಿಗೆ ಬಂದು ನಮಸ್ಕಾರ ಹೇಳುತ್ತದೆ. ನಾನು ಆ ಜಾತಿಯವನು. ಚಾಮರಾಜನಗರದ ಹೊರಗಿರುವ ಕಲ್ಲು ಕೊಯ್ಯುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ಬೇಕಾದಷ್ಟು ಪೇಚು ಕಂಡಿದ್ದೆ. ಅದು ಸಾಲದೆಂದು ದೇವರು ಒಮ್ಮೆ ನನ್ನನ್ನು ಜಪಾನಿಗೂ ಕಳಿಸಿದ.

ನಮ್ಮ ಕಡೆಯ ಕರಿಕಲ್ಲಿಗೆ ಜಪಾನಿನಲ್ಲಿ ಬಲು ಬೇಡಿಕೆ. ಇಲ್ಲಿ ಬೆಟ್ಟ ಒಡೆದು, ಕೊಯ್ದು, ಪಾಲಿಶ್ ಮಾಡಿ ಕಂಟೇನರ್ ತುಂಬಿ ಕಳಿಸಿದರೆ ಅಲ್ಲಿ ಅದನ್ನು ಗೋರಿಕಲ್ಲು ಮಾಡಿ ನಿಲ್ಲಿಸುತ್ತಾರೆ. ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು, ಒಸಾಕಾದಿಂದ ತಕರಾರು ಬಂತು. ಈ ಸಲದ ಕಲ್ಲಿನ ಬಣ್ಣ ಒಂದೇ ಸಮ ಇಲ್ಲ, ಯಾರಾದರೂ ಬಂದು ನೋಡಿ, ಇಲ್ಲದಿದ್ದರೆ ಮಾಲು ವಾಪಸ್ಸು ಅಂತ. ಹೋಗಬೇಕಾಗಿದ್ದವರು ನಮ್ಮ ಸಾಹುಕಾರರು. ಆದರೆ ಬೈಸಿಕೊಳ್ಳುವ ಕೆಲಸಕ್ಕೆ ಸ್ವತಃ ಹೋಗುವುದು ಸಾಹುಕಾರಿಕೆಯ ಲಕ್ಷಣವಲ್ಲ. "ನಿನಗೆ ಇಂಗ್ಲಿಷ್ ಬರ್ತದಲ್ಲಯ್ಯ, ನೀನೇ ಹೋಗಿ ಬಾ" ಅಂದರು. ಆ ಊರಿನಲ್ಲಿ ಇಂಗ್ಲಿಷಿಗೆ ಮೂರು ಕಾಸಿನ ಬೆಲೆ ಇಲ್ಲ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಟೀ ಅಂಗಡಿಯ ಬೀಳ್ಕೊಡುಗೆ

ಹೊರಡುವ ಹಿಂದಿನ ದಿನ ಫ್ಯಾಕ್ಟರಿ ಎದುರಿನ ಟೀ ಅಂಗಡಿಗೆ ಹೋದೆ. ಅಂಗಡಿಯವನು ಚಂದಕವಾಡಿ ಕಡೆಯವನು, ನನ್ನ ವಾರಿಗೆಯವನೇ.

"ಯಾನಕ್ಲಾ ಅಷ್ಟು ದೂರ ಓಯ್ತಿದ್ದೀಯೆ?" ಅಂದ.

"ಕಲ್ಲು ನೋಡೋಕೆ."

"ಕಲ್ಲು ಇಲ್ಲೇ ಇತ್ತಲ್ಲ, ಆಗ ನೋಡ್ನಿಲ್ವ?"

ಇದನ್ನು ಕೇಳಬೇಕಾದದ್ದು ಸಾಹುಕಾರರನ್ನು. ನಾನು ಇನ್ನೊಂದು ಟೀ ಹೇಳಿದೆ. ಅವನು ಬಿಡಲಿಲ್ಲ. "ಆ ಕಲ್ಲ ತಕ್ಕಂಡು ಅವ್ರು ಯಾನ ಮಾಡರು?"

"ಸತ್ತವರ ಗೋರಿಗೆ ನಿಲ್ಲಿಸ್ತಾರೆ."

ಕಲ್ಲು ಹೊತ್ತ ಲಾರಿಗಳು ಓಡಾಡಿ ಅಂಗಡಿ ಮುಂದಿನ ರಸ್ತೆ ಉತ್ತ ಹೊಲದ ಹಾಗಾಗಿತ್ತು. ಅವನು ಅದರ ಕಡೆ ಕೈ ತೋರಿಸಿದ. "ಅಲ್ಲಿ ಸತ್ತೋರ್ಗ ಕನ್ನಡಿ ಅಂಗೆ ಕಲ್ಲು. ಇಲ್ಲಿ ಬದುಕಿರೋರ್ಗ ಗುಂಡಿ ಮುಚ್ಚಕ್ಕ ಒಂದು ಮಂಕರಿ ಜಲ್ಲಿ ಇಲ್ಲ. ಬದುಕದಾದ್ರೆ ಎಲ್ಲಾರ ಬದುಕ್ಲಾ, ಸಾಯದ್ ಮಾತ್ರ ಅಲ್ಲೋಗಿ ಸಾಯ್ಬೇಕು ಕಣ್ಲಾ" ಅಂದ.

ವಿದೇಶಕ್ಕೆ ಹೊರಟವನಿಗೆ ಇಂಥ ಹಾರೈಕೆ ಬೇರೆ ಯಾರಿಗೂ ಸಿಕ್ಕಿರಲಾರದು.

ಕರ್ಚೀಫು

ಒಸಾಕಾದಲ್ಲಿ ಶನಿವಾರವಿಡೀ ಕಂಪನಿಯವರ ಅಂಗಳದಲ್ಲಿ ಕಲ್ಲು ನೋಡಿದ್ದಾಯಿತು. ಆ ಕಂಪನಿಯ ಯಜಮಾನ ನಗುವುದನ್ನು ಹುಟ್ಟಿದಾಗಲೇ ಮರೆತವನು. ಅವನ ಆಫೀಸಿನಲ್ಲಿ ಇಂಗ್ಲಿಷ್ ಬಲ್ಲ ಒಬ್ಬಳೇ ಹುಡುಗಿ ಇದ್ದಳು. "ತೀರ್ಮಾನ ಸೋಮವಾರ ಹೇಳ್ತಾರೆ. ನಾಳೆ ಭಾನುವಾರ, ನೀವು ಊರು ನೋಡಿ" ಅಂದಳು. ನೇಣಿಗೆ ಹಾಕುವ ಮುಂಚೆ ಏನು ಆಸೆ ಅಂತ ಕೇಳಿದ ಹಾಗಿತ್ತು.

ಭಾನುವಾರ ಬೆಳಗ್ಗೆ ಒಬ್ಬನೇ ಹೊರಟೆ. ಸ್ಟೇಷನ್ನಿನಲ್ಲಿ ರೈಲು ಬಂತು. ಬಾಗಿಲು ತೆರೆದ ಮೇಲೆ ಜನ ಸಾಲಾಗಿ, ಇಳಿಯುವವರು ಇಳಿಯಲಿ ಅಂತ ಕಾಯುತ್ತಾ ನಿಂತರು. ಗುಂಡ್ಲುಪೇಟೆ ಬಸ್ಸು ಹತ್ತಿ ಬೆಳೆದ ನನಗೆ ಆ ದೃಶ್ಯ ತಡೆದುಕೊಳ್ಳಲಾಗಲಿಲ್ಲ. ಒಳಗೆ ದೂರದಲ್ಲಿ ಒಂದು ಸೀಟು ಖಾಲಿ ಇತ್ತು. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ, ಕರ್ಚೀಫು ತೆಗೆದು, ಗುರಿಯಿಟ್ಟು ಎಸೆಯಿತು. ಸರಿಯಾಗಿ ಸೀಟಿನ ನಡುವೆ ಬಿತ್ತು. ನಮ್ಮೂರಲ್ಲಿ ಹೀಗೆ ಟವಲ್ಲು ಬಿದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ. ಅದು ನೋಂದಣಿಯಾದ ಆಸ್ತಿ.

ಆ ಸೀಟಿನ ಪಕ್ಕದಲ್ಲಿ ಕೂತಿದ್ದ ಕೋಟು ಹಾಕಿದ ಹಿರಿಯರೊಬ್ಬರು ಗಾಬರಿಯಿಂದ ಎದ್ದರು. ಕರ್ಚೀಫನ್ನು ಎತ್ತಿ, ಮಡಿಸಿ, ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು, ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟರು. ನಾನೂ ಬಗ್ಗಿ ತಗೊಂಡೆ. ಅವರು ಮತ್ತೆ ಬಗ್ಗಿದರು, ನಾನೂ ಮತ್ತೆ ಬಗ್ಗಿದೆ. ತಲೆ ಎತ್ತಿ ನೋಡಿದರೆ ನನ್ನ ಸೀಟಿನಲ್ಲಿ ಒಬ್ಬ, ಅವರ ಸೀಟಿನಲ್ಲಿ ಇನ್ನೊಬ್ಬ. ಗೌರವ ಸಿಕ್ಕಿತು, ಕರ್ಚೀಫೂ ಸಿಕ್ಕಿತು. ಸೀಟು ಮಾತ್ರ ನನ್ನದೂ ಹೋಯಿತು, ಆ ಪುಣ್ಯಾತ್ಮರದೂ ಹೋಯಿತು.

ಕೋಟೆ ಗೋಡೆ

ಒಸಾಕಾಗೆ ಹೋದವರು ಕೋಟೆ ನೋಡದೆ ಬರುವುದಿಲ್ಲ. ಎಲ್ಲರೂ ಕತ್ತೆತ್ತಿ ಮೇಲಿನ ಅರಮನೆ ನೋಡುತ್ತಿದ್ದರು. ಅದು ಸಿಮೆಂಟಿನಲ್ಲಿ ಮತ್ತೆ ಕಟ್ಟಿದ್ದು, ಒಳಗೆ ಲಿಫ್ಟೂ ಇದೆ. ಕಲ್ಲಿನವನಾದ ನನಗೆ ಅದರಲ್ಲಿ ರುಚಿ ಹತ್ತಲಿಲ್ಲ. ಕೆಳಗಿನ ಗೋಡೆಯ ಕಲ್ಲುಗಳು ಮಾತ್ರ ಅಬ್ಬಾ ಅನ್ನಿಸುವಂಥವು. ಒಂದೊಂದು ಕಲ್ಲು ನಮ್ಮ ಮನೆ ಜಗುಲಿಗಿಂತ ದೊಡ್ಡದು.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಕಲ್ಲಿನಲ್ಲಿ ಕೂದಲೆಳೆಯ ಬಿರುಕು ಇದೆಯೋ ಅಂತ ನೋಡಬೇಕಾದರೆ ನೀರು ಸುರಿದು ಕಾಯಬೇಕು. ಮೇಲೆಲ್ಲ ಒಣಗಿದರೂ ಬಿರುಕಿನ ಗೆರೆ ಒದ್ದೆಯಾಗಿ ಉಳಿಯುತ್ತದೆ. ಜನ ಇಲ್ಲದ ಒಂದು ಮೂಲೆಗೆ ಹೋಗಿ ಬಾಟಲಿ ನೀರನ್ನು ಸೊಂಟದ ಎತ್ತರಕ್ಕೆ ಗೋಡೆಯ ಮೇಲೆ ಹೊಯ್ದು, ಗೋಡೆಗೆ ಮುಖ ಮಾಡಿ ನಿಂತೆ.

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಕೋಟೆ ಕಾವಲಿನವನು. ಗೋಡೆಯ ಒದ್ದೆ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಬಹಳ ಸಂಕಟಪಟ್ಟುಕೊಂಡು ನನ್ನ ಪ್ಯಾಂಟು ನೋಡಿದ.

"ವಾಟರ್, ವಾಟರ್. ಸ್ಟೋನ್ ಚೆಕ್" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಪೊಲೀಸರ ತನಕ ಹೋದರೆ ಸೋಮವಾರ ಕಂಪನಿಯವರಿಗೆ ಏನು ಮುಖ ತೋರಿಸುವುದು? ಬರೀ ನೀರು ಅಂತ ತೋರಿಸಲು ಬಾಟಲಿಯಲ್ಲಿ ಉಳಿದಿದ್ದನ್ನು ಗಟಗಟ ಕುಡಿದೆ. ಅವನ ಮುಖ ಇನ್ನಷ್ಟು ಕೆಟ್ಟಿತು. ಕೊನೆಗೆ ಬಾಟಲಿ ಇಸಿದುಕೊಂಡು, ತಳದ ಎರಡು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ಮೂಸಿದ. ಆಮೇಲೆ ಅವನಿಗಾದ ನಾಚಿಕೆ ಹೇಳತೀರದು. ಮತ್ತೆ ಮತ್ತೆ ಬಗ್ಗಿ ಕ್ಷಮೆ ಕೇಳಿ, ತನ್ನದೇ ಟವಲ್ಲಿನಿಂದ ಗೋಡೆ ಒರೆಸಿದ.

ಅನುಮಾನ ಪಟ್ಟಿದ್ದಕ್ಕೇ ಇಷ್ಟು ಕ್ಷಮೆ. ನಮ್ಮೂರಲ್ಲಿ ಗೋಡೆ ಮುಂದೆ ನಿಂತ ಗಂಡಸಿನ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಖಾತ್ರಿಯಾಗಿಯೇ ಗೊತ್ತಿರುತ್ತದೆ.

ಊಟ

ಮಧ್ಯಾಹ್ನ ಒಂದು ಸಣ್ಣ ಹೋಟೆಲಿಗೆ ಹೋದೆ. ಕಾವಲಿ ಮೇಲೆ ಎಲೆಕೋಸು ಹಾಕಿ ತಟ್ಟಿದ ದಪ್ಪ ರೊಟ್ಟಿ ಬೇಯುತ್ತಿತ್ತು. ಮನೆ ನೆನಪಾಯಿತು. "ನೋ ಮೀಟ್, ನೋ ಫಿಶ್" ಅಂತ ಕೈ ಮುಗಿದು ಹೇಳಿದೆ. ಹೋಟೆಲಿನವನು ತಲೆ ಆಡಿಸಿ ಒಂದು ರೊಟ್ಟಿ ತಂದಿಟ್ಟ. ಮೇಲೆ ಈರುಳ್ಳಿ ಸಿಪ್ಪೆಯಂಥದ್ದನ್ನು ಉದುರಿಸಿದ್ದ. ರೊಟ್ಟಿಯ ಬಿಸಿಗೆ ಆ ಸಿಪ್ಪೆಗಳು ಕೈ ಬೀಸಿ ಕರೆದ ಹಾಗೆ ಅಲ್ಲಾಡುತ್ತಿದ್ದವು. ಬಾಯಿಗಿಡುವ ಮುಂಚೆ ಯಾತಕ್ಕೂ ಇರಲಿ ಅಂತ "ಇದೇನು?" ಅಂದೆ.

"ಫಿಶ್" ಅಂದ.

"ನೋ ಫಿಶ್ ಅಂದಿದ್ದೆನಲ್ಲ?"

ಅವನು ರೊಟ್ಟಿಯನ್ನು ಊಟದ ಜೋಡಿ ಕಡ್ಡಿಯಿಂದ ಬಿಡಿಸಿ ಒಳಗಿನ ಕೋಸು ತೋರಿಸಿದ. "ಇನ್‌ಸೈಡ್, ನೋ ಫಿಶ್" ಅಂದ, ಕೊಟ್ಟ ಮಾತು ಉಳಿಸಿಕೊಂಡವನ ಸಮಾಧಾನದಲ್ಲಿ.

ಅವ್ವ ಕಟ್ಟಿಕೊಟ್ಟಿದ್ದ ಹುರಿಹಿಟ್ಟೇ ಗತಿಯಾಯಿತು.

ಗೋರಿಯ ಮುಂದೆ

ಊರು ನೋಡಲು ಬಂದವರು ಸ್ಮಶಾನಕ್ಕೆ ಹೋಗುವುದಿಲ್ಲ. ನನಗೋ ನಮ್ಮ ಕಲ್ಲು ಎಲ್ಲಿ ಹೋಗಿ ಸೇರುತ್ತದೆ ನೋಡಬೇಕೆಂಬ ಆಸೆ. ಒಂದು ದೊಡ್ಡ ದೇವಸ್ಥಾನದ ಹತ್ತಿರ ಗೋರಿಗಳ ಊರೇ ಇತ್ತು. ಒಬ್ಬ ಮುದುಕರು ಕರಿಕಲ್ಲಿನ ಗೋರಿಗೆ ಮರದ ಸೌಟಿನಲ್ಲಿ ನೀರು ಹೊಯ್ದು, ಮಗುವಿಗೆ ಮೈ ಒರೆಸಿದ ಹಾಗೆ ಒರೆಸುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಆ ಕಪ್ಪು, ಆ ಸಣ್ಣ ಕಾಳು, ಸಂಶಯವೇ ಇಲ್ಲ, ನಮ್ಮ ಕಡೆಯದೇ. ಹೆಮ್ಮೆ ತಡೆಯಲಾಗಲಿಲ್ಲ. ಕಲ್ಲನ್ನು ತೋರಿಸಿ, ಎದೆ ಮುಟ್ಟಿಕೊಂಡು, "ಮೈನ್. ಇಂಡಿಯಾ" ಅಂದೆ.

ಮುದುಕರ ಕೈ ನಿಂತುಹೋಯಿತು. ಒಳಗೆ ಮಲಗಿರುವವರು ನನಗೆ ಬೇಕಾದವರು ಅಂತ ತಿಳಿದರೇನೋ, ಕಣ್ಣು ತುಂಬಿಕೊಂಡು ಬಗ್ಗಿದರು. ಊದಬತ್ತಿ ಹಚ್ಚಿ ನನ್ನ ಕೈಗೆ ಕೊಟ್ಟರು. ಇಲ್ಲ ಅನ್ನುವ ಭಾಷೆ ನನಗೆ ಬರುತ್ತಿರಲಿಲ್ಲ. ಯಾರೆಂದು ಗೊತ್ತಿಲ್ಲದ ಆ ಜೀವಕ್ಕೆ ಕೈ ಮುಗಿದು ನಿಂತೆ. ಅವರೂ ಪಕ್ಕದಲ್ಲಿ ನಿಂತರು. ನಿಂತ ಮೇಲೆ ನನಗೂ ನಿಜವಾಗಿ ದುಃಖ ಬಂತು.

ದುಃಖಕ್ಕೆ ಕಾರಣ ಬೇರೆ. ನಮ್ಮ ಸಾಹುಕಾರರ ತಂದೆಯ ಗದ್ದುಗೆ ಗುಂಡ್ಲುಪೇಟೆಯ ಹತ್ತಿರ ಅವರ ತೋಟದಲ್ಲೇ ಇದೆ. ಅದಕ್ಕೆ ಹಾಕಿಸಿರುವುದು ಬಚ್ಚಲುಮನೆಯ ಟೈಲ್ಸು. "ಒಂದು ಕರಿಕಲ್ಲು ಹಾಕಿಸಬಹುದಿತ್ತಲ್ಲ ಸಾರ್" ಅಂತ ಒಮ್ಮೆ ಕೇಳಿದ್ದೆ.

"ಅದು ಎಕ್ಸ್‌ಪೋರ್ಟ್ ಕ್ವಾಲಿಟಿ ಕಣಯ್ಯ" ಅಂದಿದ್ದರು. "ನಮ್ಮಪ್ಪ ಲೋಕಲ್ಲು."

ಶಿವ ಶಿವ

ಸಂಜೆ ಸುಸ್ತಾಗಿ ದೇವಸ್ಥಾನದ ಹೊರಗಿನ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ಚಿರತೆ ಚರ್ಮದ ಚಿತ್ತಾರದ ಅಂಗಿ ತೊಟ್ಟ ಒಬ್ಬ ಅಜ್ಜಿ ಇದ್ದರು. ನನ್ನ ಹಣೆಯ ವಿಭೂತಿ ನೋಡಿ, ಸುಣ್ಣ ಬಳಿದ ಗೋಡೆಗೆ ತಲೆ ತಾಗಿಸಿಕೊಂಡಿದ್ದಾನೆ ಅಂತ ಮರುಗಿದರೋ ಏನೋ, ಒರೆಸಿಕೋ ಅಂತ ಕಾಗದದ ಕರ್ಚೀಫು ಕೊಟ್ಟರು. ನಾನು ಬೇಡವೆಂದು, ಹಣೆ ಮುಟ್ಟಿಕೊಂಡು, "ಶಿವ" ಅಂದೆ.

ಅಜ್ಜಿಯ ಕಣ್ಣು ಅರಳಿತು. "ಶಿವಾ?" ಅಂದರು.

"ಶಿವ, ಶಿವ" ಅಂದೆ.

ಅವರು ತಮ್ಮ ಹಣೆ ಮುಂದೆ ಮಾಡಿದರು. ಕಡಲಾಚೆಯ ಊರಿನಲ್ಲಿ ಶಿವನ ಹೆಸರು ಕೇಳಿ ಹಣೆಯೊಡ್ಡುವ ಜೀವ ಇದೆಯಲ್ಲ ಅಂತ ನನಗೆ ರೋಮಾಂಚನವಾಯಿತು. ಚೀಲದಿಂದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಲ್ಲಿ ಎಳೆದೆ. ಅಜ್ಜಿ ಕೂಗಿ ಆಚೆ ಬೆಂಚಿನ ಗೆಳತಿಯರನ್ನೂ ಕರೆದರು. ಅವರೂ "ಶಿವಾ, ಶಿವಾ" ಅನ್ನುತ್ತಾ ಸುತ್ತ ನಿಂತರು. ಹಣೆಗೆ ಹಚ್ಚಿಸಿಕೊಂಡ ಮೇಲೆ ಕೊರಳು ತೋರಿಸಿದರು, ಮುಂಗೈ ತೋರಿಸಿದರು. ನನಗೆ ಬೆರಗು. ವಿಭೂತಿಯನ್ನು ಎಲ್ಲೆಲ್ಲಿ ಧರಿಸಬೇಕು ಅನ್ನುವ ಶಾಸ್ತ್ರ ನಮ್ಮ ಹರವೆ ಕಡೆಯ ಅಯ್ಯನವರಿಗೇ ಪೂರ್ತಿ ಬರುವುದಿಲ್ಲ, ಇವರಿಗೆ ಬಾಯಿಪಾಠ. ಒಬ್ಬರು ಕಣ್ಣಿನ ಮೂಲೆಗೂ ಹಚ್ಚಿಸಿಕೊಂಡು ಕನ್ನಡಿ ನೋಡಿಕೊಂಡರು. ಅದು ಯಾವ ಶಾಸ್ತ್ರವೋ ತಿಳಿಯಲಿಲ್ಲ. ಅವರವರ ಪದ್ಧತಿ ಅಂದುಕೊಂಡೆ. ಉಳಿದ ಗಟ್ಟಿಯನ್ನು ಮುರಿದು ಎಲ್ಲರಿಗೂ ಪ್ರಸಾದ ಹಂಚಿದೆ. ಅವರು ನನ್ನ ಜೇಬು ತುಂಬ ಪೆಪ್ಪರಮಿಂಟು ತುಂಬಿದರು.

ಸೋಮವಾರ ಕಂಪನಿಗೆ ಹೋದವನೇ ಇಂಗ್ಲಿಷಿನ ಹುಡುಗಿಗೆ ಹೇಳಿದೆ, "ನಿಮ್ಮ ಊರಿನ ಅಜ್ಜಿಯರಿಗೆ ಎಷ್ಟು ಶಿವಭಕ್ತಿ." ನಡೆದದ್ದೆಲ್ಲ ಕೇಳಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಮೇಜಿನ ಮೇಲೆ ತಲೆಯಿಟ್ಟಳು. ಸಾವರಿಸಿಕೊಂಡು ಹೇಳಿದಳು, "ಸಾರ್, ನಮ್ಮ ಭಾಷೆಯಲ್ಲಿ ಶಿವಾ ಅಂದರೆ ಚರ್ಮದ ಸುಕ್ಕು. ನೀವು ಸುಕ್ಕಿನ ಔಷಧಿ ಹಚ್ಚಿದ್ದೀರಿ."

ಏನಾಯಿತು ಅಂತ ಯಜಮಾನ ಕೇಳಿದ. ಆಕೆ ಹೇಳಿದಳು. ಆ ಕಲ್ಲುಮುಖ ಮೊದಲು ತುಟಿಯಲ್ಲಿ ಬಿರಿಯಿತು, ಆಮೇಲೆ ಪೂರಾ ಒಡೆಯಿತು. ನಗುತ್ತಲೇ ಮಾಲು ಒಪ್ಪಿಕೊಂಡ. ಎದ್ದು ಹೋಗುವಾಗ ತನ್ನ ಕಣ್ಣಿನ ಮೂಲೆ ಸವರಿಕೊಂಡು ಆಕೆಯ ಕಿವಿಯಲ್ಲಿ ಏನೋ ಕೇಳಿದ. ಆಕೆ ನನ್ನ ಕಡೆ ತಿರುಗಿ, "ಇನ್ನೊಂದು ತುಂಡು ಇದೆಯಾ ಅಂತ ಕೇಳ್ತಿದಾರೆ" ಅಂದಳು.

ಊರಿಗೆ ಬಂದು ಸಾಹುಕಾರರಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಅರ್ಧ ಕರಗಿದ ಬೆಟ್ಟದ ಕಡೆ ಬೆರಳು ಮಾಡಿದರು.

"ಕಲ್ಲು ಅಂದ್ರೆ ಬೆಟ್ಟ ಒಡೀಬೇಕು, ಲಾರಿ ಬೇಕು, ಪರ್ಮಿಟ್ ಬೇಕು, ಬಣ್ಣ ಸರಿಯಿಲ್ಲ ಅಂತ ಅನ್ನಿಸ್ಕೊಬೇಕು" ಅಂದರು. "ವಿಭೂತಿಗಾದ್ರೆ ಸಗಣಿ ಸಾಕಲ್ಲಯ್ಯ."